ನೇತ್ರಗೋಲದ ರಕ್ತಪೋಷಣೆ

ದೇಹದ ಅಂಗಗಳೆಲ್ಲವೂ ರಕ್ತದಿಂದಲೇ ಬದುಕತಕ್ಕವು. ಕಣ್ಣಿಗಾದರೋ ಇದರಲ್ಲಿ ಒಂದು ತೊಡಕುಂಟು. ರಕ್ತವು ಬೆಳಕನ್ನು ತಡೆಯುವ ವಸ್ತು. ಕಣ್ಣಿನ ಮುಂಭಾಗವೋ ಸ್ಫಟಿಕದಂತೆ ತಿಳಿಯಾಗಿದ್ದಲ್ಲದೆ ನೋಟವೇ ನಡೆಯದು. ಈ ವಿರೋಧವು ಹೇಗೆ ಪರಿಹೃತವಾಗಿದೆಯೆಂಬುದನ್ನು ಇಲ್ಲಿ ವಿಚಾರಿಸುವೆನು.

ಕೊರಳಿನಲ್ಲಿ ಮೇಲೇರುವ ಧಮನಿಯು ತಲೆಬುರುಡೆಯೊಳಗೆ ಕವಲೊಡೆದು ನೇತ್ರಧಮನಿಯಾಗುತ್ತದೆ. (ಹೃದಯದಿಂದ ರಕ್ತವನ್ನು ಒಯ್ಯುವುದು ಧಮನಿ, ಮರಳಿಸುವುದು ಸಿರೆ ಎಂಬುದು ಇಂದಿನ ವೈದ್ಯರ ಪರಿಭಾಷೆ, ಸುಶ್ರುತಸಂಹಿತೆಯಲ್ಲಿ ಈ ವಿಭಾಗವನ್ನು ಹುಡುಕಬಾರದು.) ಇದರ ಒಂದು ಸಣ್ಣ ಕವಲು ದೃಷ್ಟಿನರದೊಳಗೆ ಹೊಕ್ಕು, ಗೋಲದ ಹಿಂಗೋಡೆಯ ಅಕ್ಷಿಪಟಲದಲ್ಲಿ ಮರದಂತೆ ಹಬ್ಬಿ, ಅದರ ಒಳಪದರಗಳನ್ನು ಪೋಷಿಸುವುದು. ಬೇರೆ ಕವಲುಗಳು ಗೋಲದ ಗೋಡೆಯನ್ನು ಹಿಂದಿನಿಂದ ಭೇದಿಸಿ, ಅಕ್ಷಿಪಟಲದ ಬೆನ್ನಿಗೆ ನಾಳಮಯವಾದ ಪೊರೆಯೊಂದನ್ನು ಹಾಸುತ್ತವೆ. ಕಣ್ಣಿಗೆ ಬರುವ ರಕ್ತದಲ್ಲಿ ನೂರಕ್ಕೆ ಸುಮಾರು 85 ಪಾಲು ಹರಿಯುವುದು ಈ ಪೊರೆಯಲ್ಲಿಯೇ. ಬೆಳಕನ್ನು ಗ್ರಹಿಸುವ ಕೋಶಗಳು ಅಕ್ಷಿಪಟಲದ ಹೊರಪದರದಲ್ಲಿವೆಯಾದುದರಿಂದ ಅವುಗಳಿಗೆ ಆಹಾರವು ಬೆನ್ನ ಕಡೆಯಿಂದ, ಬೆಳಕಿನ ದಾರಿಗೆ ಅಡ್ಡವಾಗದಂತೆ, ಒದಗುತ್ತದೆ. ಅತಿಸೂಕ್ಷ್ಮವಾದ ನೋಟಕ್ಕೆ ಸ್ಥಾನವಾದ ನಡುಭಾಗದಲ್ಲಿ, ಸುಮಾರು ಅರ್ಧ ಮಿಲಿಮೀಟರು ಅಗಲದಷ್ಟು, ಒಳಗವಲಿನ ನಾಳಗಳು ಇಲ್ಲವೇ ಇಲ್ಲ.

ಮುಂದಿನ ಪಾರದರ್ಶಕ ಕವಚಕ್ಕೂ ಮಸೂರಕ್ಕೂ ರಕ್ತನಾಳಗಳಿಲ್ಲ. ಮಸೂರವನ್ನು ಉಂಗುರದಂತೆ ಸುತ್ತಿರುವ ಭಾಗವೊಂದು ರಕ್ತದಿಂದ ತಿಳಿನೀರನ್ನು ಸ್ರವಿಸುತ್ತದೆ. ಒಂದೂವರೆ ಎರಡು ಗಂಟೆಗಳಲ್ಲಿ ಹೊಸದಾಗುತ್ತಿರುವ ಈ ನೀರೇ ಅವೆರಡಕ್ಕೂ ಆಹಾರ. ಕವಚವು ಪ್ರಾಣವಾಯುವನ್ನು ಬಹುಮಟ್ಟಿಗೆ ಹೊರಗಿನ ಗಾಳಿಯಿಂದಲೇ ಕಣ್ಣೀರಿನ ಮೂಲಕ ಪಡೆಯುವುದು. ಗರ್ಭಸ್ಥಶಿಶುವಿನಲ್ಲಾದರೋ ಧಮನಿಯೊಂದು ಗೋಲದ ನಡುವೆ ಹಾದು ಮಸೂರವನ್ನು ಮುಟ್ಟುತ್ತದೆ. ನೋಡುವ ಕಾಲ ಬರುವ ಮುನ್ನವೇ, ಸಾಮಾನ್ಯವಾಗಿ ಜನನಕ್ಕೆ ಮೊದಲು, ಅದು ಕರಗಿಹೋಗುವುದು.

ಸುಶ್ರುತನು ಉತ್ತರತಂತ್ರದಲ್ಲಿ ಕಣ್ಣಿನ ಮೊದಲನೆಯ ಪಟಲವು ತೇಜಸ್ಸನ್ನೂ ಜಲವನ್ನೂ ಆಶ್ರಯಿಸಿದೆಯೆನ್ನುತ್ತಾನೆ. ವ್ಯಾಖ್ಯಾನಕಾರನಾದ ಡಲ್ಹಣನು ತೇಜಸ್ಸೆಂದರೆ ಸಿರೆಗಳಲ್ಲಿರುವ ರಕ್ತವೆಂದೂ ಜಲವೆಂದರೆ ರಸಧಾತುವೆಂದೂ ವಿವರಿಸುತ್ತಾನೆ. ರಕ್ತವೂ ನೀರೂ ಕೂಡಿ ಕಣ್ಣನ್ನು ಸಾಕುವುವೆಂಬ ಈ ಮಾತು ರಮ್ಯವಾಗಿದೆ. ಆದರೆ ಇಂದಿನ ಶಾರೀರವೆಲ್ಲ ಅಲ್ಲಿ ಅಡಗಿದೆಯೆಂದು ಸಾಧಿಸಹೊರಡುವುದು ಶಾಸ್ತ್ರಕ್ಕೆ ಗೌರವವಲ್ಲ. ಅಲ್ಲಿಯ ಪಟಲಗಳನ್ನು ಇಲ್ಲಿಯ ಪದರಗಳಿಗೆ ಒಂದಕ್ಕೊಂದು ಸರಿಹೊಂದಿಸುವುದೂ ಆಗದು.

ಒಮ್ಮೆ ವೈದ್ಯರು ನನ್ನ ಕಣ್ಣಿನೊಳಗೆ ದೀಪ ಹಾಯಿಸಿದಾಗ ಎಲೆಯುದುರಿದ ಮರದಂಥ ಆಕೃತಿಯೊಂದು ಎದುರಿನಲ್ಲಿ ಕಂಡಿತು. ಅದು ನನ್ನದೇ ರಕ್ತನಾಳಗಳ ನೆರಳೆಂದು ಆಮೇಲೆ ತಿಳಿದೆನು. ಪುರ್ಕಿನ್ಯೆ ಎಂಬ ಪಂಡಿತನು 19ನೆಯ ಶತಮಾನದ ಮೊದಲಲ್ಲಿಯೇ ಇದನ್ನು ವರ್ಣಿಸಿದ್ದನು. ಆ ನೆರಳು ಸದಾ ಇದ್ದರೂ ಒಂದೇ ಎಡೆಯಲ್ಲಿ ಬೀಳುವುದರಿಂದ ಮನಸ್ಸು ಅದನ್ನು ಗಣಿಸುವುದಿಲ್ಲ. ದೀಪವು ಚಲಿಸಿದಾಗ ಮಾತ್ರ ತೋರುವುದು. 1851ರಲ್ಲಿ ಹೆಲ್ಮ್‌ಹೋಲ್ಟ್ಸನು ಪ್ರಕಟಿಸಿದ ನೇತ್ರದರ್ಶಕಯಂತ್ರದಿಂದ ವೈದ್ಯರು ಈ ಮರವನ್ನು ಜೀವಂತವಾದ ಕಣ್ಣಿನಲ್ಲಿ ನೇರವಾಗಿ ನೋಡಲು ಸಾಧ್ಯವಾಯಿತು. ಮಧುಮೇಹದ ಮತ್ತು ರಕ್ತದ ಒತ್ತಡದ ಹಾನಿಗಳು ಅಲ್ಲಿ ಗೋಚರಿಸುವುವು.

ದೃಷ್ಟಿನರದೊಳಗಿನ ಆ ಸಣ್ಣ ಧಮನಿಗೆ ನೆರವಾಗುವ ಬೇರೆ ದಾರಿಯಿಲ್ಲ. ಅದು ಮುಚ್ಚಿಕೊಂಡರೆ ನೋವಿಲ್ಲದೆ, ಒಮ್ಮೆಲೇ, ಒಂದು ಕಣ್ಣು ಕತ್ತಲಾಗುವುದು. ಕೆಲವೇ ಗಂಟೆಗಳಲ್ಲಿ ಒಳಪದರಗಳು ಮರಳಿ ಬಾರದಂತೆ ನಶಿಸುವುವು. ನೋವಿಲ್ಲವೆಂದು ಬೆಳಗಿನವರೆಗೆ ಕಾಯುವವರು ಆ ಗಂಟೆಗಳನ್ನೇ ಕಳೆದುಕೊಳ್ಳುವರು. ಕೆಲವರಲ್ಲಿ ಮಾತ್ರ ಹಿಂಬದಿಯ ಕವಲುಗಳಿಂದ ಕಿರುಧಮನಿಯೊಂದು ಅಕ್ಷಿಪಟಲದ ನಡುಭಾಗದ ಕಡೆಗೆ ಬಂದಿರುತ್ತದೆ. ಅಂಥವರಿಗೆ ಸುತ್ತಲ ನೋಟವೆಲ್ಲ ಹೋದರೂ ನಡುವಿನ ನೋಟವು ಉಳಿಯುವುದುಂಟು.