ಕಟಕಟ ಸದ್ದಿನ ಗುಟ್ಟು: ರೋಲರ್ ಕೋಸ್ಟರ್ ಏರಿನಲ್ಲಿ ಹಿಂದಕ್ಕೆ ಉರುಳದೇಕೆ?

ಭಾರ ತುಂಬಿದ ಎತ್ತಿನ ಗಾಡಿ ಏರು ಹತ್ತುವುದನ್ನು ನೀವು ನೋಡಿರಬಹುದು. ಅರ್ಧ ದಾರಿಯಲ್ಲಿ ಎತ್ತುಗಳು ಸುಧಾರಿಸಿಕೊಳ್ಳಲು ನಿಂತರೆ, ಗಾಡಿಯ ಹಿಂದೆ ನಡೆದು ಬರುತ್ತಿದ್ದಾತ ಥಟ್ಟನೆ ಚಕ್ರದ ಹಿಂದೆ ಒಂದು ಕಲ್ಲು ಇಡುತ್ತಾನೆ. ಘಟ್ಟದ ರಸ್ತೆಯಲ್ಲಿ ಲಾರಿ ಕೆಟ್ಟು ನಿಂತಾಗ ಕ್ಲೀನರ್ ಮಾಡುವ ಮೊದಲ ಕೆಲಸವೂ ಇದೇ. ಕಲ್ಲು ಗಾಡಿಯನ್ನು ಮೇಲಕ್ಕೆ ಎಳೆಯುವುದಿಲ್ಲ. ಹತ್ತಿದ ಎತ್ತರವನ್ನು ಕಳೆದುಕೊಳ್ಳದಂತೆ ಕಾಯುತ್ತದೆ, ಅಷ್ಟೆ.

ಮನೋರಂಜನಾ ಪಾರ್ಕುಗಳ ರೋಲರ್ ಕೋಸ್ಟರ್‌ನಲ್ಲೂ ಇಂಥದೊಂದು 'ಕಲ್ಲು' ಇದೆ. ಆದರೆ ಅದನ್ನು ಇಡಲು ಯಾರೂ ಹಿಂದೆ ನಡೆದು ಬರಬೇಕಾಗಿಲ್ಲ. ಮೊದಲ ಏರನ್ನು ಹತ್ತುವಾಗ ಕೇಳಿಬರುವ 'ಕಟ ಕಟ ಕಟ' ಸದ್ದು ಅದರದೇ. ಕುಳಿತವರ ಎದೆ ನಡುಗಿಸುವ ಈ ಸದ್ದು ವಾಸ್ತವವಾಗಿ ಅವರನ್ನು ಕಾಪಾಡುತ್ತಿರುವ ಸಾಧನದ ಸದ್ದು. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೋಡೋಣ.

ಎಂಜಿನ್ ಇಲ್ಲದ ರೈಲು

ರೋಲರ್ ಕೋಸ್ಟರ್‌ನಲ್ಲಿ ಒಂದರ ಹಿಂದೊಂದು ಜೋಡಿಸಿದ ಬಂಡಿಗಳಿರುತ್ತವೆ. ಈ ಬಂಡಿಗಳ ಸಾಲನ್ನು ರೈಲು ಎಂದು ಕರೆಯೋಣ. ಸಾಮಾನ್ಯವಾಗಿ ಈ ರೈಲಿಗೆ ಎಂಜಿನ್ ಇರುವುದಿಲ್ಲ. ಮೊದಲ ಏರಿನ ತುದಿಗೆ ಅದನ್ನು ಎತ್ತಿ ಬಿಟ್ಟರೆ, ಮುಂದಿನ ಎಲ್ಲ ಇಳಿತ, ತಿರುವು, ಸುತ್ತುಗಳನ್ನು ಅದು ಗುರುತ್ವ ಬಲದಿಂದಲೇ ಪೂರೈಸುತ್ತದೆ. ಎತ್ತರದಲ್ಲಿ ಸಂಗ್ರಹವಾದ ಪ್ರಚ್ಛನ್ನ ಶಕ್ತಿ ಇಳಿಯುವಾಗ ಚಲನ ಶಕ್ತಿಯಾಗುತ್ತದೆ; ಮತ್ತೊಂದು ದಿಬ್ಬ ಹತ್ತುವಾಗ ಅದರಲ್ಲೊಂದು ಭಾಗ ಪುನಃ ಪ್ರಚ್ಛನ್ನ ಶಕ್ತಿಯಾಗುತ್ತದೆ. ಘರ್ಷಣೆ ಮತ್ತು ಗಾಳಿಯ ತಡೆಯಿಂದ ಸ್ವಲ್ಪ ಸ್ವಲ್ಪವೇ ಶಕ್ತಿ ನಷ್ಟವಾಗುವುದರಿಂದ, ಮುಂದಿನ ದಿಬ್ಬಗಳು ಮೊದಲನೆಯದಕ್ಕಿಂತ ಗಿಡ್ಡವಾಗಿರುತ್ತವೆ.

ಒಂದು ಲೆಕ್ಕ ಮಾಡೋಣ. ಜನರೂ ಸೇರಿ ರೈಲಿನ ರಾಶಿ 8000 ಕಿಲೋಗ್ರಾಂ, ಏರಿನ ಎತ್ತರ 30 ಮೀಟರ್, ಓರೆ 30 ಡಿಗ್ರಿ ಎಂದಿಟ್ಟುಕೊಳ್ಳಿ. ತುದಿ ತಲುಪಿದಾಗ ರೈಲಿನ ಪ್ರಚ್ಛನ್ನ ಶಕ್ತಿ 8000 × 9.8 × 30 = 23,52,000 ಜೂಲ್. ಸಂಖ್ಯೆ ದೊಡ್ಡದಾಗಿ ಕಂಡರೂ ಇದು ಸುಮಾರು 0.65 ಕಿಲೋವ್ಯಾಟ್-ಗಂಟೆ ಮಾತ್ರ. ಅಂದರೆ ನಮ್ಮ ಮನೆಯ ವಿದ್ಯುತ್ ಬಿಲ್ಲಿನಲ್ಲಿ ಒಂದು ಯೂನಿಟ್‌ಗಿಂತಲೂ ಕಡಿಮೆ! ಆದರೆ ಇದನ್ನು ಒಂದೇ ನಿಮಿಷದಲ್ಲಿ ಒದಗಿಸಬೇಕು. ಆಗ ಬೇಕಾಗುವ ಸಾಮರ್ಥ್ಯ 39.2 ಕಿಲೋವ್ಯಾಟ್, ಎಂದರೆ ಸುಮಾರು 53 ಅಶ್ವಸಾಮರ್ಥ್ಯ. ಘರ್ಷಣೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಮೋಟಾರು ಇನ್ನೂ ದೊಡ್ಡದಿರಬೇಕು.

ಈ ಶಕ್ತಿಗೆ ಮುಂದಿನ ಇಳಿಜಾರು ಯಾವುದು, ಹಿಂದಿನ ಇಳಿಜಾರು ಯಾವುದು ಎಂಬ ಭೇದ ತಿಳಿಯದು. ತುದಿಯ ಸಮೀಪದಲ್ಲಿ ರೈಲಿನ ಹಿಡಿತ ತಪ್ಪಿ ಅದು ಹಿಂದಕ್ಕೆ ಉರುಳಿದರೆ, ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದಾಗ, ಕೆಳಗೆ ಬರುವಷ್ಟರಲ್ಲಿ ಅದರ ವೇಗ ಸೆಕೆಂಡಿಗೆ 24 ಮೀಟರ್, ಅಂದರೆ ಗಂಟೆಗೆ ಸುಮಾರು 87 ಕಿಲೋಮೀಟರ್ ಆಗಿರುತ್ತದೆ. ಅಲ್ಲಿ ಇರುವುದು ನಿಲ್ದಾಣ. ಬಹುಶಃ ಜನರು ಹತ್ತುತ್ತಿರುವ ಇನ್ನೊಂದು ರೈಲು.

ಎರಡು ಅಗುಳಿಗಳು

ಏರಿನ ಹಳಿಗಳ ನಡುವೆ ಒಂದು ತೊಟ್ಟಿಯಂಥ ತೋಡಿನಲ್ಲಿ ಭಾರಿ ಉಕ್ಕಿನ ಸರಪಳಿ ಚಲಿಸುತ್ತಿರುತ್ತದೆ. ಮೇಲ್ತುದಿಯ ಹಲ್ಲಿನ ಚಕ್ರವನ್ನು ಸುತ್ತಿ, ಕೆಳಗಿನಿಂದ ಹಿಂತಿರುಗಿ, ಮತ್ತೆ ಮೇಲೆ ಬರುವ ಇದು ಸೈಕಲ್ ಚೈನಿನಂತೆ ಕೊನೆಯಿಲ್ಲದ ಸರಪಳಿ. ಮೋಟಾರು ಗಿಯರುಗಳ ಮೂಲಕ ಇದನ್ನು ನಿಧಾನವಾಗಿ ಎಳೆಯುತ್ತದೆ. ಬಂಡಿಯ ಅಡಿಯಲ್ಲಿ ಒಂದು ಬದಿಗೆ ಕೀಲು ಇರುವ ಉಕ್ಕಿನ ಅಗುಳಿ ಜೋತುಬಿದ್ದಿರುತ್ತದೆ. ರೈಲು ಏರಿನ ಬುಡಕ್ಕೆ ಬಂದಾಗ ಈ ಅಗುಳಿ ಸರಪಳಿಯ ಕೊಂಡಿಗೆ ಸಿಕ್ಕಿಕೊಳ್ಳುತ್ತದೆ; ಸರಪಳಿ ರೈಲನ್ನು ಹೊತ್ತು ನಡೆಯುತ್ತದೆ. ನಮ್ಮ ಉದಾಹರಣೆಯಲ್ಲಿ ಈ ಸರಪಳಿಯ ಮೇಲೆ ಬೀಳುವ ಎಳೆತ 8000 × 9.8 × ಸೈನ್ 30°, ಅಂದರೆ 39,200 ನ್ಯೂಟನ್. ಇದು 4 ಟನ್ ತೂಕಕ್ಕೆ ಸಮ.

ತುದಿ ದಾಟಿದ ಮೇಲೆ ಏನಾಗುತ್ತದೆ? ಮುಂದಿನ ಬಂಡಿಗಳು ಇಳಿಯತೊಡಗಿದಂತೆ ರೈಲಿನ ವೇಗ ಸರಪಳಿಯ ವೇಗವನ್ನು ಮೀರುತ್ತದೆ. ಆಗ ಅಗುಳಿ ಕೊಂಡಿಯಿಂದ ತಾನಾಗಿಯೇ ಮುಂದೆ ಸರಿದು ಬಿಡುಗಡೆ ಹೊಂದುತ್ತದೆ. ಯಾರೂ ಗುಂಡಿ ಒತ್ತಬೇಕಿಲ್ಲ. ಸರಪಳಿ ರೈಲನ್ನು ಮುಂದಕ್ಕೆ ತಳ್ಳಬಲ್ಲದು. ಮುಂದೆ ಹೋಗುವ ರೈಲನ್ನು ಹಿಡಿದು ನಿಲ್ಲಿಸಲಾರದು.

ಇದು ಎಳೆಯುವ ಅಗುಳಿ. ಎರಡನೆಯದೇ ತಡೆಯುವ ಅಗುಳಿ. ಸರಪಳಿಯ ಪಕ್ಕದಲ್ಲಿ ಏರಿನ ಉದ್ದಕ್ಕೂ ಗರಗಸದ ಹಲ್ಲುಗಳಂಥ ಉಕ್ಕಿನ ಪಟ್ಟಿಯನ್ನು ಭದ್ರವಾಗಿ ಕೂರಿಸಿರುತ್ತಾರೆ. ಇದೇ ರ‍್ಯಾಚೆಟ್. ಪ್ರತಿ ಹಲ್ಲಿನ ಕೆಳಬದಿ ಓರೆಯಾಗಿಯೂ ಮೇಲ್ಬದಿ ನೆಟ್ಟಗೂ ಇರುತ್ತದೆ. ರೈಲು ಮೇಲೆ ಹೋಗುವಾಗ ತಡೆ ಅಗುಳಿ ಓರೆಯ ಮೇಲೆ ಜಾರಿ, ಹಲ್ಲನ್ನು ದಾಟಿ, ತನ್ನ ಭಾರದಿಂದ ಇಲ್ಲವೇ ಸ್ಪ್ರಿಂಗಿನ ಒತ್ತಡದಿಂದ 'ಕಟ್' ಎಂದು ಸಂದಿಗೆ ಬೀಳುತ್ತದೆ. ಮುಂದಿನ ಹಲ್ಲಿಗೆ ಮತ್ತೆ 'ಕಟ್'. ಸರಪಳಿ ತುಂಡಾದರೆ ರೈಲು ಹಿಂದಕ್ಕೆ ಸರಿಯತೊಡಗುತ್ತದೆ. ಒಡನೆಯೇ ಅಗುಳಿ ಹಲ್ಲಿನ ನೆಟ್ಟ ಬದಿಗೆ ಆತು ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಇಂಥ ಅಗುಳಿಗೆ 'ಡಾಗ್' ಎಂದರೆ ನಾಯಿ ಎಂದೇ ಹೆಸರು. ಕಚ್ಚಿದರೆ ಬಿಡದ ಗುಣ ಅದರದು!

ಈ ಉಪಾಯ ನಿಮಗೆ ಹೊಸದೇನಲ್ಲ. ಪೆಡಲು ತುಳಿಯುವುದನ್ನು ನಿಲ್ಲಿಸಿದಾಗ ಸೈಕಲ್ಲಿನ ಹಿಂದಿನ ಚಕ್ರದಿಂದ ಬರುವ 'ಟಿಕ್ ಟಿಕ್' ಸದ್ದು ಫ್ರೀವೀಲಿನೊಳಗಿನ ಇಂಥದೇ ಅಗುಳಿಗಳದು. ಕೈಮಗ್ಗದಲ್ಲಿ ನೇಯ್ದ ಬಟ್ಟೆಯನ್ನು ಸುತ್ತಿಕೊಳ್ಳುವ ದಿಂಡು ಹಿಂದಕ್ಕೆ ಬಿಚ್ಚಿಕೊಳ್ಳದಂತೆ ತಡೆಯುವುದೂ ಹಲ್ಲಿನ ಚಕ್ರ ಮತ್ತು ಅಗುಳಿಯೇ.

ಹಲ್ಲುಗಳು ಹತ್ತಿರ ಏಕಿರಬೇಕು?

ಹಲ್ಲುಗಳ ನಡುವಿನ ಅಂತರ 10 ಸೆಂಟಿಮೀಟರ್ ಎಂದುಕೊಳ್ಳಿ. ತೀರ ಕೆಟ್ಟ ಸಂದರ್ಭದಲ್ಲಿ ರೈಲು ಅಷ್ಟು ದೂರ ಹಿಂದೆ ಸರಿದ ಮೇಲೆ ಅಗುಳಿ ಹಿಡಿಯುತ್ತದೆ. ಆಗ ರೈಲಿನ ವೇಗ ಸೆಕೆಂಡಿಗೆ ಸುಮಾರು 1 ಮೀಟರ್. ಚಲನ ಶಕ್ತಿ 39,200 × 0.1 = 3920 ಜೂಲ್. ಅಗುಳಿ ಮತ್ತು ಅದರ ಆಧಾರ ಒಟ್ಟು 2 ಸೆಂಟಿಮೀಟರ್ ಬಾಗಿ ಈ ಶಕ್ತಿಯನ್ನು ಹೀರಿಕೊಂಡರೆ, ಅದಕ್ಕೆ ಬೇಕಾಗುವ ಸರಾಸರಿ ಬಲ 1,96,000 ನ್ಯೂಟನ್. ಇದಕ್ಕೆ ರೈಲಿನ ತೂಕದಿಂದ ಓರೆಯುದ್ದಕ್ಕೆ ಬೀಳುವ 39,200 ನ್ಯೂಟನ್ ಸೇರಿಸಬೇಕು. ಅಂದರೆ ನಿಂತ ರೈಲಿನ ಭಾರದ ಆರು ಪಟ್ಟು!

ಅಂತರ 1 ಮೀಟರ್ ಇದ್ದರೆ? ಹೀರಿಕೊಳ್ಳಬೇಕಾದ ಶಕ್ತಿ ಹತ್ತು ಪಟ್ಟಾಗುತ್ತದೆ. ಬಲ ನಿಂತ ಭಾರದ 50 ಪಟ್ಟನ್ನು ಮೀರುತ್ತದೆ. ಅಗುಳಿ ಮುರಿಯಬಹುದು, ಕುಳಿತವರ ಕುತ್ತಿಗೆಗೂ ಪೆಟ್ಟಾಗಬಹುದು. ಆದ್ದರಿಂದ ಹಿಂದೆ ಸರಿಯುವ ರೈಲು ವೇಗ ಗಳಿಸುವ ಮೊದಲೇ ಅದನ್ನು ಹಿಡಿಯಬೇಕು. ಹಲ್ಲುಗಳು ಒತ್ತೊತ್ತಾಗಿರುವುದೂ ಒಂದಕ್ಕಿಂತ ಹೆಚ್ಚು ಬಂಡಿಗಳಿಗೆ ತಡೆ ಅಗುಳಿ ಇರುವುದೂ ಇದಕ್ಕಾಗಿಯೇ. ಎರಡು ಅಗುಳಿಗಳನ್ನು ಅರ್ಧ ಹಲ್ಲಿನಷ್ಟು ಹಿಂದುಮುಂದಾಗಿ ಕೂರಿಸಿದರೆ ರೈಲು ಜಾರುವ ದೂರವೂ ಅರ್ಧವಾಗುತ್ತದೆ.

ಕಲ್ಲಿದ್ದಲ ಬಂಡಿಯಿಂದ ಬಂದ ವಿದ್ಯೆ

ಈ ತಂತ್ರದ ಬೇರು ಆಟದ ಬಯಲಲ್ಲಿಲ್ಲ, ಗಣಿಯಲ್ಲಿದೆ. ಅಮೆರಿಕದ ಪೆನ್ಸಿಲ್ವೇನಿಯಾದ ಮಾಕ್ ಚಂಕ್ ಎಂಬಲ್ಲಿ 1827ರಲ್ಲಿ ಕಲ್ಲಿದ್ದಲನ್ನು ಬೆಟ್ಟದಿಂದ ನದಿಯ ದಡಕ್ಕೆ ಇಳಿಸಲು ಗುರುತ್ವ ರೈಲುಮಾರ್ಗವೊಂದನ್ನು ಹಾಕಿದರು. ಖಾಲಿ ಬಂಡಿಗಳನ್ನು ಮೊದಮೊದಲು ಹೇಸರಗತ್ತೆಗಳು ಮೇಲಕ್ಕೆ ಎಳೆದೊಯ್ಯುತ್ತಿದ್ದವು. 1840ರ ದಶಕದಲ್ಲಿ ಆ ಕೆಲಸವನ್ನು ಉಗಿ ಯಂತ್ರಗಳಿಗೆ ವಹಿಸಿದರು. ಕಡಿದಾದ ಏರಿನಲ್ಲಿ ಬಂಡಿ ಹಿಂದಕ್ಕೆ ಉರುಳದಂತೆ ಹಳಿಗಳ ನಡುವೆ ಹಲ್ಲಿನ ಪಟ್ಟಿಯನ್ನು ಹಾಕಿದ್ದರು. ಮುಂದೆ ಈ ಮಾರ್ಗ ಪ್ರವಾಸಿಗರ ಸವಾರಿಯಾಗಿ ಹೆಸರು ಪಡೆದು 1933ರವರೆಗೆ ನಡೆಯಿತು.

1884ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡ್‌ನಲ್ಲಿ ಲಾಮಾರ್ಕಸ್ ಥಾಮ್ಸನ್ ಆರಂಭಿಸಿದ ಸವಾರಿಯಲ್ಲಿ ಜನರು ಮೆಟ್ಟಿಲು ಹತ್ತಿ ಬಂಡಿ ಏರಬೇಕಾಗಿತ್ತು. ಮರುವರ್ಷವೇ ಫಿಲಿಪ್ ಹಿಂಕಲ್ ಯಂತ್ರದಿಂದ ಬಂಡಿಯನ್ನು ಏರಿಗೆ ಎಳೆಯುವ ವ್ಯವಸ್ಥೆ ತಂದರು. ಹಿಂದಕ್ಕೆ ಉರುಳದಂತೆ ತಡೆಯುವ ಅಗುಳಿಗೆ ಇಂದಿನ ರೂಪ ಕೊಟ್ಟು 1910ರಲ್ಲಿ ಪೇಟೆಂಟ್ ಪಡೆದವರು ಜಾನ್ ಮಿಲ್ಲರ್. ಹಳಿಯ ಅಡಿಯಲ್ಲೂ ಚಕ್ರವಿಟ್ಟು ಬಂಡಿ ಮೇಲಕ್ಕೆ ಹಾರದಂತೆ ಮಾಡಿದವರೂ ಅವರೇ.

1972ರ ಮೇ 30

ಈ ಚಿಕ್ಕ ಸಾಧನದ ಬೆಲೆ ಏನೆಂದು ತಿಳಿಯಲು ಲಂಡನ್ನಿನ ಬ್ಯಾಟರ್‌ಸೀ ಉದ್ಯಾನದಲ್ಲಿ ನಡೆದ ದುರಂತವನ್ನು ನೆನೆಯಬೇಕು. ಅಲ್ಲಿ 1951ರಿಂದ ನಡೆಯುತ್ತಿದ್ದ 'ಬಿಗ್ ಡಿಪ್ಪರ್' ಎಂಬ ಮರದ ರೋಲರ್ ಕೋಸ್ಟರ್‌ನಲ್ಲಿ 1972ರ ಮೇ 30ರಂದು, ಏರು ಹತ್ತುತ್ತಿದ್ದ ರೈಲು ಎಳೆಯುವ ಹಗ್ಗದಿಂದ ಕಳಚಿಕೊಂಡಿತು. ಹಿಂದಕ್ಕೆ ಉರುಳದಂತೆ ತಡೆಯಬೇಕಿದ್ದ ವ್ಯವಸ್ಥೆ ಕೆಲಸ ಮಾಡಲಿಲ್ಲ. ರೈಲು ನಿಲ್ದಾಣದತ್ತ ಉರುಳಿ ಬಂತು. ಐವರು ಮಕ್ಕಳು ಸತ್ತರು, 13 ಮಂದಿ ಗಾಯಗೊಂಡರು. ಆ ಸವಾರಿ ಮತ್ತೆ ನಡೆಯಲಿಲ್ಲ. ಎರಡು ವರ್ಷಗಳ ಬಳಿಕ ಇಡೀ ಮನೋರಂಜನಾ ಉದ್ಯಾನವೇ ಮುಚ್ಚಿತು.

ಹಗ್ಗವಾಗಲಿ ಸರಪಳಿಯಾಗಲಿ ಎಂದಾದರೊಂದು ದಿನ ಕೈಕೊಡಬಹುದು ಎಂದು ಎಂಜಿನಿಯರರು ಮೊದಲೇ ಒಪ್ಪಿಕೊಳ್ಳುತ್ತಾರೆ. ತಡೆ ಅಗುಳಿ ಇರುವುದು ಆ ದಿನಕ್ಕಾಗಿ. ಒಳ್ಳೆಯ ತಡೆ ಸಾಧನಕ್ಕೆ ವಿದ್ಯುತ್ತು ಬೇಕಾಗಬಾರದು, ಯಾರ ಸಮಯಪ್ರಜ್ಞೆಯನ್ನೂ ಅದು ಅವಲಂಬಿಸಬಾರದು. ರೈಲನ್ನು ಹಿಂದಕ್ಕೆ ಎಳೆಯುವ ಗುರುತ್ವ ಬಲವೇ ಅಗುಳಿಯನ್ನು ಹಲ್ಲಿಗೆ ಒತ್ತಿ ಹಿಡಿಯಬೇಕು. ವಿನ್ಯಾಸ ಹೀಗಿದ್ದರೂ ಸಾಲದು. ಕೀಲು ತುಕ್ಕು ಹಿಡಿದರೆ, ಸ್ಪ್ರಿಂಗ್ ಸೋತರೆ, ಹಲ್ಲಿನ ಅಂಚು ಸವೆದರೆ ಅಗುಳಿ ಬೀಳಬೇಕಾದಲ್ಲಿ ಬೀಳುವುದಿಲ್ಲ. ಆದ್ದರಿಂದಲೇ ಜನರನ್ನು ಹತ್ತಿಸುವ ಮೊದಲು ಪ್ರತಿದಿನ ತಪಾಸಣೆ ಮಾಡಿ, ಖಾಲಿ ರೈಲನ್ನು ಓಡಿಸಿ ನೋಡುತ್ತಾರೆ.

ಸದ್ದಿಲ್ಲದ ಏರು

ಇತ್ತೀಚಿನ ಕೆಲವು ಕೋಸ್ಟರ್‌ಗಳಲ್ಲಿ ಕಟಕಟ ಸದ್ದು ಕೇಳಿಸದು. ಕೆಲವೆಡೆ ರೈಲು ಮೇಲೆ ಚಲಿಸುತ್ತಿರುವಾಗ ಅಗುಳಿಯನ್ನು ಹಲ್ಲುಗಳಿಗೆ ತಾಗದಂತೆ ಎತ್ತಿ ಹಿಡಿದಿರುತ್ತಾರೆ; ಚಲನೆ ನಿಂತೊಡನೆ ಅದು ಕೆಳಗೆ ಬೀಳುತ್ತದೆ. ಕೆಲವು ಕೋಸ್ಟರ್‌ಗಳಲ್ಲಿ ಸರಪಳಿಯ ಬದಲು ಉಕ್ಕಿನ ಹಗ್ಗವಿದೆ. ಅಮೆರಿಕದ ಸೀಡರ್ ಪಾಯಿಂಟ್‌ನಲ್ಲಿ 2000ರಲ್ಲಿ ಆರಂಭವಾದ 'ಮಿಲೇನಿಯಮ್ ಫೋರ್ಸ್' ಹೀಗೆ 45 ಡಿಗ್ರಿ ಓರೆಯಲ್ಲಿ 94 ಮೀಟರ್ ಎತ್ತರಕ್ಕೆ ಏರುತ್ತದೆ.

ಇನ್ನು ಕೆಲವಕ್ಕೆ ಎಳೆಯುವ ಏರೇ ಇಲ್ಲ. ನ್ಯೂಜೆರ್ಸಿಯಲ್ಲಿ 2005ರಿಂದ 2024ರವರೆಗೆ ನಡೆದ 'ಕಿಂಗ್ಡಾ ಕಾ' ರೈಲನ್ನು ಸಮತಟ್ಟು ಹಳಿಯ ಮೇಲೆಯೇ ಗಂಟೆಗೆ 206 ಕಿಲೋಮೀಟರ್ ವೇಗಕ್ಕೆ ಚಿಮ್ಮಿಸಿ 139 ಮೀಟರ್ ಎತ್ತರದ ಗೋಪುರ ಹತ್ತಿಸಲಾಗುತ್ತಿತ್ತು. ಎದುರುಗಾಳಿಯಂಥ ಕಾರಣಗಳಿಂದ ಕೆಲವೊಮ್ಮೆ ರೈಲು ತುದಿ ಮುಟ್ಟಲಾರದೆ ಹಿಂದಕ್ಕೆ ಇಳಿಯುತ್ತಿತ್ತು. ಆಗ ಅದನ್ನು ತಡೆಯುತ್ತಿದ್ದುದು ಕಾಂತ ಬ್ರೇಕುಗಳು. ಕಾಂತದ ಬಳಿ ಲೋಹದ ಪಟ್ಟಿ ಚಲಿಸಿದಾಗ ಅದರಲ್ಲಿ ಸುಳಿ ವಿದ್ಯುತ್ ಪ್ರವಾಹ ಹುಟ್ಟಿ, ಚಲನೆಯನ್ನು ವಿರೋಧಿಸುತ್ತದೆ. ಒಂದಕ್ಕೊಂದು ಉಜ್ಜದೆ, ಹೊರಗಿನ ವಿದ್ಯುತ್ತಿಲ್ಲದೆ ಕೆಲಸ ಮಾಡುವ ಸೊಗಸಾದ ಬ್ರೇಕು ಇದು.

ಹಾಗಾದರೆ ಏರಿನಲ್ಲೂ ಇದನ್ನೇ ಬಳಸಿ ಅಗುಳಿಯನ್ನು ತೆಗೆದುಬಿಡಬಾರದೇಕೆ? ಉತ್ತರ ಭೌತವಿಜ್ಞಾನದಲ್ಲೇ ಇದೆ. ಸುಳಿ ಪ್ರವಾಹ ಹುಟ್ಟಲು ಚಲನೆ ಇರಲೇಬೇಕು. ಚಲನೆ ಇಲ್ಲದಿದ್ದರೆ ತಡೆಯೂ ಇಲ್ಲ. ಆದ್ದರಿಂದ ಇಳಿಜಾರಿನಲ್ಲಿ ಕಾಂತ ಬ್ರೇಕು ರೈಲನ್ನು ನಿಧಾನಗೊಳಿಸಬಲ್ಲದು, ನಿಲ್ಲಿಸಿ ಹಿಡಿದಿಡಲಾರದು. ರೈಲು ತೆವಳುತ್ತ ಕೆಳಗಿಳಿಯುತ್ತಲೇ ಇರುತ್ತದೆ. ಏರಿನ ನಡುವೆ ರೈಲನ್ನು ಅಲುಗದಂತೆ ನಿಲ್ಲಿಸಲು ಉಕ್ಕಿಗೆ ಉಕ್ಕು ಆತು ನಿಲ್ಲಬೇಕು. ಶತಮಾನ ದಾಟಿದ ಅಗುಳಿ ಇಂದಿಗೂ ಉಳಿದಿರುವುದು ಹೀಗೆ.

ತರಗತಿಯಲ್ಲಿ ಮಾಡಿ ನೋಡಿ

ಒಂದು ಹಲಗೆಯ ಮೇಲೆ ಸೆಂಟಿಮೀಟರಿಗೊಂದರಂತೆ ಬೆಂಕಿಕಡ್ಡಿಗಳನ್ನು ಅಡ್ಡಲಾಗಿ ಅಂಟಿಸಿ. ಚಕ್ರಗಳು ಕಡ್ಡಿಗಳಿಗೆ ತಾಗದಂತೆ ಎರಡು ಬದಿ ಜಾಗ ಬಿಡಿ. ಆಟಿಕೆ ಕಾರಿನ ಹಿಂಬದಿಗೆ ಗಟ್ಟಿ ರಟ್ಟಿನ ಪಟ್ಟಿಯೊಂದನ್ನು, ಹಿಂದಕ್ಕೆ ಓರೆಯಾಗಿ ಕಡ್ಡಿಗಳ ಮೇಲೆ ಎಳೆದುಕೊಂಡು ಬರುವಂತೆ ಅಂಟುಪಟ್ಟಿಯ ಕೀಲಿನಿಂದ ಜೋಡಿಸಿ. ಹಲಗೆಯನ್ನು ಓರೆಯಾಗಿಟ್ಟು ದಾರದಿಂದ ಕಾರನ್ನು ಮೇಲಕ್ಕೆ ಎಳೆಯಿರಿ. ನಡುವೆ ದಾರವನ್ನು ಬಿಟ್ಟುಬಿಡಿ. ಬಳಿಕ ಒಂದು ಬಿಟ್ಟು ಒಂದು ಕಡ್ಡಿ ಕಿತ್ತು ಮತ್ತೆ ಪ್ರಯತ್ನಿಸಿ. ಕಾರು ನಿಲ್ಲುವಾಗಿನ ಕುಲುಕಾಟ ಹೆಚ್ಚುವುದನ್ನು ಮಕ್ಕಳೇ ಗುರುತಿಸುತ್ತಾರೆ. ಆ ಮೇಲೆ ಕಪ್ಪುಹಲಗೆಯ ಮೇಲೆ ಲೆಕ್ಕ ಬರೆದರೆ ಅದು ಅವರಿಗೆ ಬರಿಯ ಸೂತ್ರವಾಗಿ ಉಳಿಯುವುದಿಲ್ಲ.

ಮುಂದೆ ಎಂದಾದರೂ ರೋಲರ್ ಕೋಸ್ಟರ್ ಹತ್ತಿದರೆ ಆ ಕಟಕಟ ಸದ್ದಿಗೆ ಕಿವಿಗೊಡಿ. ಗಾಡಿಯ ಚಕ್ರದ ಹಿಂದೆ ಪ್ರತಿ ಗೇಣಿಗೂ ಒಂದೊಂದು ಕಲ್ಲನ್ನು ಯಾರೋ ತಪ್ಪದೆ ಇಡುತ್ತಿದ್ದಾರೆ ಎಂದು ಅದರ ಅರ್ಥ.