ಸಣ್ಣ ಕೀಲಿಮಣೆಯಲ್ಲಿ ಹ್ರಸ್ವ ಒಕಾರ: ಕ್ಷೇತ್ರಕಾರ್ಯದ ಲಿಪ್ಯಂಕನದ ಒಂದು ಸಮಸ್ಯೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ಇಂದು ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳು. 1997ರಲ್ಲಿ ಈ ಜಿಲ್ಲೆ ರಚನೆಯಾಗುವವರೆಗೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿಯು ಬಹುಕಾಲದ ನಂತರ ಹೊನ್ನಾಳಿಯಿಂದ ಬೇರ್ಪಟ್ಟಿತು. ಆಡಳಿತದ ಗೆರೆಗಳಿಗಿಂತ ಹಳೆಯದಾದ ಮಾತಿನ ಗೆರೆಗಳನ್ನು ಇಂಥ ಪ್ರದೇಶದಲ್ಲಿ ಗುರುತಿಸಬೇಕಾದರೆ ಊರೂರಿನಲ್ಲಿ ಕುಳಿತು ಕೇಳಿದ್ದನ್ನು ಅಲ್ಲಿಯೇ ಬರೆದುಕೊಳ್ಳಬೇಕಾಗುತ್ತದೆ. ಚೀಲದಲ್ಲಿ ಹಿಡಿಯುವ, ಫೋನಿಗೂ ಲ್ಯಾಪ್‌ಟಾಪಿಗೂ ಬ್ಲೂಟೂತ್ ಮೂಲಕ ಜೋಡಿಸಬಹುದಾದ ನಿಸ್ತಂತು ಮೆಕ್ಯಾನಿಕಲ್ ಕೀಲಿಮಣೆ ಈ ಕೆಲಸಕ್ಕೆ ಒಪ್ಪುವಂಥದ್ದು. ಆದರೆ ಅದರ ಗಾತ್ರದ ಆಯ್ಕೆಯು ನಮ್ಮ ದತ್ತಾಂಶದ ಸ್ವರಗಳನ್ನು ಮುಟ್ಟುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲಿಗೆ ಒಂದು ಸಾಮಾನ್ಯ ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಕೀಲಿಮಣೆಗೆ ಕನ್ನಡವಾಗಲಿ ಇಂಗ್ಲಿಷಾಗಲಿ ತಿಳಿಯದು. ಅದು ಒತ್ತಿದ ಕೀಲಿಯ ಸಂಕೇತಸಂಖ್ಯೆಯನ್ನಷ್ಟೇ ಕಳುಹಿಸುತ್ತದೆ. ಆ ಸಂಖ್ಯೆ ಯಾವ ಅಕ್ಷರವಾಗಬೇಕೆಂಬುದನ್ನು ಗಣಕದಲ್ಲಿ ಆಯ್ದುಕೊಂಡ ವಿನ್ಯಾಸವು ನಿರ್ಧರಿಸುತ್ತದೆ. ಆದ್ದರಿಂದ ಕೀಲಿಮಣೆಯಲ್ಲಿ ಒಂದು ಕೀಲಿ ಇಲ್ಲವಾದರೆ, ವಿನ್ಯಾಸವು ಆ ಸ್ಥಾನಕ್ಕೆ ಕೊಟ್ಟಿದ್ದ ಅಕ್ಷರವೂ ಇಲ್ಲವಾಗುತ್ತದೆ.

ಶೇಕಡಾ 60 ಗಾತ್ರದ್ದೆಂದು ಕರೆಯುವ ಮಣೆಗಳಲ್ಲಿ ಸಾಮಾನ್ಯವಾಗಿ 61 ಕೀಲಿಗಳಿರುತ್ತವೆ. ಮೇಲಿನ ಎಫ್ ಸಾಲು ಇಲ್ಲದ್ದರಿಂದ ಎಸ್ಕೇಪ್ ಕೀಲಿಯು ಅಂಕಿ 1ರ ಎಡಕ್ಕೆ ಇಳಿದು ಬರುತ್ತದೆ. ಅಲ್ಲಿದ್ದ ಕೀಲಿ ಫಂಕ್ಷನ್ ಕೀಲಿಯ ಹಿಂದೆ ಅಡಗುತ್ತದೆ. ಇಂಗ್ಲಿಷ್ ಬರೆಯುವವರಿಗೆ ಇದರಿಂದ ನಷ್ಟವೇನೂ ಇಲ್ಲ. ಆದರೆ 1991ರ ಭಾರತೀಯ ಮಾನಕ ಐಎಸ್ 13194ರಲ್ಲಿ ಸೇರಿರುವ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಕನ್ನಡದ 'ೊ' ಚಿಹ್ನೆ ಇರುವುದು ಸರಿಯಾಗಿ ಅದೇ ಕೀಲಿಯಲ್ಲಿ. ಶಿಫ್ಟ್ ಜೊತೆಗೆ ಒತ್ತಿದರೆ 'ಒ'. ಭಾರತೀಯ ಲಿಪಿಗಳಿಗೆಲ್ಲ ಒಂದೇ ಚೌಕಟ್ಟನ್ನು ಹೊಂದಿಸಿದ ಈ ವಿನ್ಯಾಸದಲ್ಲಿ ದೀರ್ಘ ಏ, ಓಗಳು ಬೆರಳು ನಿಲ್ಲುವ ನಡುಸಾಲಿನಲ್ಲಿವೆ. ದ್ರಾವಿಡ ಭಾಷೆಗಳಿಗೆ ಅಗತ್ಯವಾದ ಹ್ರಸ್ವ ಎ, ಒಗಳು ಅಂಚಿಗೆ ಸರಿದಿವೆ. ಸಣ್ಣ ಮಣೆ ಕತ್ತರಿಸುವುದೂ ಅಂಚನ್ನೇ. ಹೊನ್ನಾಳಿಯ ಹೆಸರನ್ನು, ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದ ಹೆಸರನ್ನು ಬರೆಯುವಾಗಲೇ ತೊಡಕು ಎದುರಾಗುತ್ತದೆ. 'ಕೊಂಡು' ಸೇರಿದ ಕ್ರಿಯಾರೂಪಗಳ ಮಾತು ಹಾಗಿರಲಿ.

ಕೆಲವು ಮಣೆಗಳಲ್ಲಿ ಎಸ್ಕೇಪ್ ಕೀಲಿಯನ್ನು ಶಿಫ್ಟ್ ಜೊತೆಗೆ ಒತ್ತಿದಾಗ ಹಳೆಯ ಕೀಲಿಯ ಸಂಕೇತ ಹೊರಡುವಂತೆ ಏರ್ಪಡಿಸಿರುತ್ತಾರೆ. ಆಗ 'ಒ' ದೊರೆಯುತ್ತದೆ, 'ೊ' ದೊರೆಯುವುದಿಲ್ಲ. ಪದಾದಿಯ ಒಕಾರಕ್ಕೆ ದಾರಿಯಿದ್ದು ವ್ಯಂಜನದ ಮೇಲಿನ ಒಕಾರಕ್ಕೆ ಇಲ್ಲದ ಈ ಸ್ಥಿತಿ ಲಿಪ್ಯಂಕನಕಾರನನ್ನು ಅಡ್ಡದಾರಿಗೆ ತಳ್ಳುತ್ತದೆ: 'ೆ' ಒತ್ತಿ, ಅದರ ಮೇಲೆ 'ೂ' ಒತ್ತುವುದು. ಪರದೆಯ ಮೇಲೆ ಮೂಡುವ ರೂಪದಲ್ಲಿ ಸಾಮಾನ್ಯವಾಗಿ ಯಾವ ವ್ಯತ್ಯಾಸವೂ ಕಾಣದು. ಯೂನಿಕೋಡ್ ಕೂಡ ಈ ಜೋಡಿಯನ್ನು ಒಂಟಿ 'ೊ'ಗೆ ಸಮಾನವೆಂದೇ ವಿಧಿಸಿದೆ. ಆದರೆ ಕಡತದಲ್ಲಿ ಉಳಿಯುವುದು ಎರಡು ಸಂಕೇತಗಳು. ಕ್ರಮಬದ್ಧಗೊಳಿಸದ ಪಠ್ಯಕೋಶದಲ್ಲಿ ಸ್ವರಚಿಹ್ನೆಗಳನ್ನು ಎಣಿಸಿದರೆ ಇಂಥ ಪ್ರತಿಯೊಂದು ಒಕಾರವೂ ಒಂದು ಎಕಾರವಾಗಿ, ಒಂದು ಊಕಾರವಾಗಿ ಲೆಕ್ಕಕ್ಕೆ ಬರುತ್ತದೆ. ಹಳಗನ್ನಡದ ಕಿಡು, ಕುಡು ಮತ್ತು ಹೊಸಗನ್ನಡದ ಕೆಡು, ಕೊಡು ರೂಪಗಳಲ್ಲಿ ಕಾಣುವ ಸ್ವರೋನ್ನತಿಯ ಏರಿಳಿತವು ಇಂದಿನ ಆಡುಮಾತಿನಲ್ಲಿ ಹೇಗಿದೆಯೆಂದು ನೋಡಹೊರಟವರಿಗೆ ಇದಕ್ಕಿಂತ ಕೆಟ್ಟ ದೋಷವನ್ನು ಊಹಿಸುವುದು ಕಷ್ಟ. ಹುಡುಕಾಟದ ಮೊದಲು ಇಡೀ ಪಠ್ಯವನ್ನು ಎನ್‌ಎಫ್‌ಸಿ ರೂಪಕ್ಕೆ ತಂದರೆ ಜೋಡಿ ಸಂಕೇತಗಳು ಒಂದಾಗುತ್ತವೆ. ಈ ಹೆಜ್ಜೆಯನ್ನು ಯಾವ ಕೀಲಿಮಣೆ ಬಳಸಿದರೂ ಬಿಡಬಾರದು.

ಕೆ. ಪಿ. ರಾವ್ ಅವರ ವಿನ್ಯಾಸದಲ್ಲಿ ಈ ತೊಡಕೇ ಇಲ್ಲ. ನುಡಿ ತಂತ್ರಾಂಶದ ಮೂಲಕ ನಮ್ಮಲ್ಲಿ ಬಳಕೆಗೆ ಬಂದ ಅದು ಕನ್ನಡದ ವರ್ಣಮಾಲೆಯನ್ನು ಇಂಗ್ಲಿಷಿನ 26 ಅಕ್ಷರಕೀಲಿಗಳಲ್ಲೇ ಅಡಕಗೊಳಿಸುತ್ತದೆ. ಓ ಕೀಲಿ ಹ್ರಸ್ವಕ್ಕೆ, ಶಿಫ್ಟ್ ಸಹಿತವಾದದ್ದು ದೀರ್ಘಕ್ಕೆ. ದೀರ್ಘಸ್ವರ, ಮಹಾಪ್ರಾಣ, ಣ, ಳಗಳೆಲ್ಲ ಶಿಫ್ಟನ್ನು ಬೇಡುವುದರಿಂದ ಕಿರುಬೆರಳಿಗೆ ಶ್ರಮ ಹೆಚ್ಚೆಂಬುದು ನಿಜ. ಮಹಾಪ್ರಾಣ ವಿರಳವಾಗಿರುವ ಆಡುಗನ್ನಡದಲ್ಲಿ ಇದು ಸಹ್ಯ. ಸೂರಗೊಂಡನಕೊಪ್ಪದ ಸುತ್ತಿನ ತಾಂಡಾಗಳ ಲಂಬಾಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುವಾಗ, ಅಲ್ಲಿ ಮಹಾಪ್ರಾಣವು ಅರ್ಥಭೇದಕವಾದುದರಿಂದ, ಶ್ರಮ ಕಣ್ಣಿಗೆ ಬೀಳುತ್ತದೆ. ಆದರೂ ಸಣ್ಣ ಮಣೆಗೆ ನಾವು ಈ ವಿನ್ಯಾಸವನ್ನೇ ಸೂಚಿಸುತ್ತೇವೆ.

ಇನ್‌ಸ್ಕ್ರಿಪ್ಟ್ ರೂಢಿಯಾದವರು ಶೇಕಡಾ 75 ಗಾತ್ರದ ಮಣೆ ಕೊಳ್ಳುವುದು ಲೇಸು. ಎಫ್ ಸಾಲು ಇರುವುದರಿಂದ ಆ ಕೀಲಿ ಸಾಮಾನ್ಯವಾಗಿ ಸ್ವಸ್ಥಾನದಲ್ಲೇ ಉಳಿದಿರುತ್ತದೆ. ಇಲ್ಲವೇ ಕೀಲಿಗಳನ್ನು ಮರುಹೊಂದಿಸಬಹುದಾದ ಮಣೆಯಾದರೆ ಕ್ಯಾಪ್ಸ್‌ಲಾಕ್ ಸ್ಥಾನಕ್ಕೆ ಆ ಸಂಕೇತವನ್ನು ಕೊಡಬಹುದು. ಬದಲಾವಣೆ ಮಣೆಯ ಸ್ಮೃತಿಯಲ್ಲೇ ಉಳಿಯುವಂತಿದ್ದರೆ ಯಾವ ಲ್ಯಾಪ್‌ಟಾಪಿಗೆ ಜೋಡಿಸಿದರೂ ನಡೆಯುತ್ತದೆ.

ಧ್ವನಿಮುದ್ರಣದ ಬಗೆಗೆ ಒಂದು ಮಾತು. ಕ್ಲಿಕ್ ಸದ್ದಿನ ಸ್ವಿಚ್ಚುಗಳ ಅಲ್ಪಾವಧಿಯ ಸದ್ದು ಸ್ಪೆಕ್ಟ್ರೋಗ್ರಾಮಿನಲ್ಲಿ ಸ್ಪರ್ಶವ್ಯಂಜನದ ಸ್ಫೋಟದಂತೆ ಲಂಬರೇಖೆಯಾಗಿ ಮೂಡುತ್ತದೆ. ಸ್ಫೋಟದಿಂದ ಘೋಷದ ಆರಂಭದವರೆಗಿನ ಕಾಲವನ್ನು ಅಳೆಯುವವರಿಗೆ ಅದು ನೇರವಾದ ವಿಘ್ನ. ಸದ್ದು ಕಡಿಮೆಯೆನ್ನುವ ಲೀನಿಯರ್ ಸ್ವಿಚ್ಚುಗಳೂ ಕೀಲಿ ತಳ ಮುಟ್ಟಿದಾಗ ಸದ್ದು ಮಾಡುತ್ತವೆ. ಮೈಕ್ ತೆರೆದಿರುವಾಗ ಕಾಗದ, ಪೆನ್ಸಿಲ್ ಸಾಕು.