ತಲೆ ಕಾಯುವ ಕಾನೂನಿಗೆ ಕಣ್ಣು ಕಾಣದೆ?

ಚಾಲನಾ ಪರವಾನಗಿ ಬಯಸುವವರು ತಮ್ಮ ದೈಹಿಕ ಸಾಮರ್ಥ್ಯದ ಬಗ್ಗೆ 1ನೇ ನಮೂನೆಯಲ್ಲಿ ಘೋಷಣೆಯೊಂದನ್ನು ನೀಡಬೇಕು. ಅದರಲ್ಲೊಂದು ಪ್ರಶ್ನೆ: ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟನ್ನು ಗುರುತಿಸಬಲ್ಲಿರಾ? ಎಲ್ಲರೂ ‘ಹೌದು’ ಎಂದು ಬರೆದು ಸಹಿ ಹಾಕುತ್ತಾರೆ. ಅಲ್ಲಿಂದ ಪರವಾನಗಿ ನವೀಕರಣದ ದಿನದವರೆಗೆ ಸವಾರನ ಕಣ್ಣಿನ ಗೊಡವೆ ಸರ್ಕಾರಕ್ಕಿಲ್ಲ.

ತಲೆಯ ವಿಷಯ ಹಾಗಲ್ಲ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಹೆಲ್ಮೆಟ್ಟನ್ನು ಕಡ್ಡಾಯಗೊಳಿಸಿದೆ. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರೂ ಅದನ್ನು ಧರಿಸಬೇಕಾಯಿತು. 2019ರ ತಿದ್ದುಪಡಿ ದಂಡವನ್ನು 1,000 ರೂಪಾಯಿಗೆ ಏರಿಸಿತು; ನಮ್ಮ ರಾಜ್ಯ ಅದನ್ನು 500ಕ್ಕೆ ಇಳಿಸಿತು. ಇವೆಲ್ಲ ಬೇಕಾಗಿದ್ದ ಕ್ರಮಗಳೇ. ಆದರೆ ಆ ಕಲಮನ್ನು ಎಷ್ಟು ಸಲ ಓದಿದರೂ ಅದರಲ್ಲಿ ಕಣ್ಣಿನ ಪ್ರಸ್ತಾಪ ಸಿಗುವುದಿಲ್ಲ. ಇದರ ಫಲವನ್ನು ಯಾವುದೇ ಸಿಗ್ನಲ್‌ನಲ್ಲಿ ನಿಂತು ನೋಡಬಹುದು. ತೆಂಗಿನ ಚಿಪ್ಪನ್ನು ಕವುಚಿಟ್ಟಂತಹ ಅರ್ಧ ಹೆಲ್ಮೆಟ್‌ಗಳು ಒಂದೆಡೆ. ಪೂರ್ಣ ಹೆಲ್ಮೆಟ್ ಇದ್ದರೂ ವೈಸರ್ ಮುರಿದುಹೋದ ಅಥವಾ ಅದನ್ನು ಹಣೆಯ ಮೇಲಕ್ಕೆ ಎತ್ತಿಟ್ಟುಕೊಂಡ ಸವಾರರು ಇನ್ನೊಂದೆಡೆ. ಕ್ಯಾಮೆರಾದ ಲೆಕ್ಕದಲ್ಲಿ ಇವರೆಲ್ಲರೂ ಕಾನೂನು ಪಾಲಕರು.

ಅಮೆರಿಕದ ಇಲಿನಾಯ್ ರಾಜ್ಯದ ಕಾನೂನು ಇದಕ್ಕೆ ತದ್ವಿರುದ್ಧವಾಗಿದೆ. ಅಲ್ಲಿ ಮೋಟಾರ್ ಸೈಕಲ್ ಸವಾರನಿಗೆ ಹೆಲ್ಮೆಟ್ ಕಡ್ಡಾಯವಿಲ್ಲ. ಕಣ್ಣಿಗೆ ಕನ್ನಡಕವೋ ಗಾಗಲೋ ಪಾರದರ್ಶಕ ವೈಸರೋ ಇರಲೇಬೇಕು. ತಲೆಯನ್ನು ಸವಾರನ ಇಷ್ಟಕ್ಕೆ ಬಿಡುವುದು ವಿವೇಕವೆಂದು ನಾನು ಹೇಳಲಾರೆ. ಆದರೆ ಕಣ್ಣಿನ ನಿಯಮದ ಹಿಂದಿರುವ ತರ್ಕವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಒಪ್ಪದೆ ವಿಧಿಯಿಲ್ಲ. ತಲೆಗೆ ಬಿದ್ದ ಪೆಟ್ಟನ್ನು ಸವಾರ ಮತ್ತು ಅವನ ಕುಟುಂಬ ಉಣ್ಣುತ್ತದೆ. ಕಣ್ಣಿಗೆ ಮರಳು ಹೊಕ್ಕು ಒಂದು ಕ್ಷಣ ಕುರುಡಾದವನ ಬೈಕು ಯಾರ ಮೇಲೆ ಹರಿಯುತ್ತದೆಂಬುದನ್ನು ಹೇಳಲಾಗದು. ಒಬ್ಬನ ಉಪೇಕ್ಷೆಯ ಬೆಲೆಯನ್ನು ಸಂಬಂಧವೇ ಇಲ್ಲದ ಇನ್ನೊಬ್ಬ ತೆರುವ ಇಂತಹ ಸನ್ನಿವೇಶದಲ್ಲಿ ಸರ್ಕಾರದ ಮಧ್ಯಪ್ರವೇಶ ಸಮರ್ಥನೀಯವೆಂದು ನಮಗೆ ಎಂ.ಎ. ತರಗತಿಯಲ್ಲಿ ಪಾಠ ಮಾಡಿದ್ದರು.

ಲೆಕ್ಕ ಸರಳವಾಗಿದೆ. ಗಂಟೆಗೆ 50 ಕಿಲೊಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ರೆಪ್ಪೆ ತಾನಾಗಿ ಮುಚ್ಚಿಕೊಳ್ಳಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕೆಂದುಕೊಂಡರೂ, ಅಷ್ಟರಲ್ಲಿ ಬೈಕು ಒಂದೂಕಾಲು ಮೀಟರಿಗಿಂತ ಹೆಚ್ಚು ಮುಂದೆ ಹೋಗಿರುತ್ತದೆ. ಟಾರ್ಪಾಲಿನ್ ಹೊದಿಸದ ಮರಳು ಲಾರಿಯ ಹಿಂದೆ ಹೋಗುವವನನ್ನು ಪ್ರಕೃತಿ ಕೊಟ್ಟ ರೆಪ್ಪೆ ಕಾಯಲಾರದು. ಆ ಕಣ ಬಂದು ಬಡಿಯುವುದು ನಡುಭಾಗದಲ್ಲಿ ಸುಮಾರು ಅರ್ಧ ಮಿಲಿಮೀಟರ್ ದಪ್ಪವಿರುವ ಕಾರ್ನಿಯಾ ಎಂಬ ಪಾರದರ್ಶಕ ಪಟಲಕ್ಕೆ. ದೃಷ್ಟಿಗಾಗಿ ಹಾಕಿಕೊಳ್ಳುವ ಸಾಧಾರಣ ಕನ್ನಡಕ ಮುಂದಿನಿಂದ ಬರುವುದನ್ನಷ್ಟೇ ಸ್ವಲ್ಪ ತಡೆದೀತು. ಗಾಳಿ ಪಕ್ಕದಿಂದ ನುಗ್ಗುತ್ತದೆ.

ನಮ್ಮ ಹಳ್ಳಿಗಾಡಿನ ರಸ್ತೆಗಳಲ್ಲಿ ಮರಳಿಗಿಂತ ಅಪಾಯಕಾರಿಯಾದದ್ದು ಹೊಟ್ಟು. ಸುಗ್ಗಿಯ ಕಾಲದಲ್ಲಿ ಹಳೆ ಮೈಸೂರು ಭಾಗದ ರಸ್ತೆಗಳಲ್ಲಿ ರಾಗಿ, ಹುರುಳಿಯನ್ನು ಹರಡಿ ವಾಹನಗಳ ಚಕ್ರದಿಂದಲೇ ಒಕ್ಕಣೆ ಮಾಡಿಸುವುದುಂಟು. ಕಣ ಮಾಡಲು ಜಾಗವಿಲ್ಲದ, ಆಳು ಸಿಗದ ರೈತನನ್ನು ದೂರಿ ಫಲವಿಲ್ಲ. ಆದರೆ ಸಸ್ಯದ ಚೂರು ಕಾರ್ನಿಯಾವನ್ನು ಗೀಚಿದರೆ ಅದರೊಡನೆ ಶಿಲೀಂಧ್ರವೂ ಒಳಸೇರಬಹುದು. ದಕ್ಷಿಣ ಭಾರತದ ಕಣ್ಣಿನ ವೈದ್ಯರಿಗೆ ಈ ಹುಣ್ಣು ಚಿರಪರಿಚಿತ.

ನಮ್ಮ ಬಡಾವಣೆಗೆ ದಿನಸಿ ತಲುಪಿಸುತ್ತಿದ್ದ ಯುವಕನೊಬ್ಬ ಡಿಸೆಂಬರಿನಲ್ಲಿ ಬೈಕಿನಲ್ಲೇ ತುಮಕೂರು ಕಡೆಯ ತನ್ನ ಊರಿಗೆ ಹೊರಟಿದ್ದ. ತಲೆಯ ಮೇಲೆ ಅರ್ಧ ಹೆಲ್ಮೆಟ್ ಇತ್ತು. ಒಕ್ಕಣೆ ನಡೆದಿದ್ದ ರಸ್ತೆಯಲ್ಲಿ ಮುಂದಿನ ಬಸ್ಸು ಎಬ್ಬಿಸಿದ ಹೊಟ್ಟು ಬಲಗಣ್ಣಿಗೆ ಬಿತ್ತು. ಕಣ್ಣು ಉಜ್ಜಿಕೊಂಡ. ಮನೆಯಲ್ಲಿ ಅಜ್ಜಿ ಸೆರಗಿನ ತುದಿಯಿಂದ ಕಸ ತೆಗೆದರು. ಬೆಂಗಳೂರಿಗೆ ಮರಳಿ ಔಷಧಿ ಅಂಗಡಿಯಲ್ಲಿ ಹನಿ ಕೇಳಿದ; ಕೊಟ್ಟದ್ದು ಸ್ಟೀರಾಯ್ಡ್ ಬೆರೆತ ಹನಿ. ಎರಡು ದಿನ ಕೆಂಪು ಇಳಿಯಿತು. ಸ್ಟೀರಾಯ್ಡಿನ ಮೋಸವೇ ಇದು: ಉರಿಯನ್ನು ಅಡಗಿಸಿ ಶಿಲೀಂಧ್ರಕ್ಕೆ ದಾರಿ ಬಿಡುತ್ತದೆ. ರಜೆ ಹಾಕಿದರೆ ಆ ವಾರದ ಪ್ರೋತ್ಸಾಹಧನ ಹೋಗುತ್ತದೆಂದು ಅವನು ಕೆಲಸಕ್ಕೂ ಹೋದ. ಒಂಬತ್ತನೆಯ ದಿನ ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಾಣಿಸಿಕೊಂಡಿತು. ತಿಂಗಳುಗಟ್ಟಲೆ ಚಿಕಿತ್ಸೆಯ ನಂತರ ಹುಣ್ಣು ಮಾಯಿತು, ಕಲೆ ಉಳಿಯಿತು. ಆ ಕಣ್ಣಿಗೆ ಈಗ ಎದುರಿನ ಕೈಯಾಡಿದ್ದಷ್ಟೇ ತಿಳಿಯುತ್ತದೆ. ಇದನ್ನೆಲ್ಲ ಹೇಳುವಾಗ ಅವನು ಹೆಚ್ಚು ಮಾತನಾಡಿದ್ದು ಬೈಕಿನ ಸಾಲದ ಕಂತಿನ ಬಗ್ಗೆ.

ಈ ಘಟನೆ ಯಾವ ಕಡತದಲ್ಲೂ ಇಲ್ಲ. ಅಪಘಾತವೇ ಆಗಲಿಲ್ಲವಲ್ಲ! ಬೈಕು ಬೀಳಲಿಲ್ಲ, ದೂರು ದಾಖಲಾಗಲಿಲ್ಲ. ಒಂದು ಕಣ್ಣಿನ ದೃಷ್ಟಿ ಶಾಶ್ವತವಾಗಿ ಹೋದರೂ ಅದನ್ನು ‘ತೀವ್ರ ಗಾಯ’ ಎಂದು ಹಳೆಯ ದಂಡ ಸಂಹಿತೆ ಹೇಳುತ್ತಿತ್ತು, 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯೂ ಹೇಳುತ್ತದೆ. ಆದರೆ ಪೊಲೀಸರ ಬಳಿಗೆ ಬಾರದ ಗಾಯ ಅಂಕಿಅಂಶವಾಗುವುದಿಲ್ಲ. ಅಂಕಿಅಂಶವಾಗದ್ದು ಬಜೆಟ್ಟಿಗೆ ಬಾರದು. ಮೂರು ದಶಕಗಳ ಸೇವೆಯಲ್ಲಿ ನಾನು ಕಂಡ ಆಡಳಿತದ ರೀತಿ ಇದು. ದೀಪಾವಳಿ ಬಂತೆಂದರೆ ಬೆಂಗಳೂರಿನ ಮಿಂಟೊ ಕಣ್ಣಿನ ಆಸ್ಪತ್ರೆಗೆ ಬಂದ ಪಟಾಕಿ ಗಾಯಾಳುಗಳ ಸಂಖ್ಯೆ ಪತ್ರಿಕೆಗಳಲ್ಲಿ ಬರುತ್ತದೆ, ಜನ ಎಚ್ಚರಗೊಳ್ಳುತ್ತಾರೆ. ವರ್ಷದ ಉಳಿದ ದಿನಗಳಲ್ಲಿ ರಸ್ತೆಯಿಂದ ಬರುವ ಕಣ್ಣುಗಳನ್ನೂ ಹಾಗೆ ಎಣಿಸಿ ಪ್ರಕಟಿಸಬಾರದೇಕೆ?

ಕಣ್ಣಿಗೆ ಬೆಲೆ ಕಟ್ಟುವುದು ಕಾನೂನಿಗೆ ಹೊಸದೇನಲ್ಲ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಅನುಸೂಚಿಯಲ್ಲಿ, ಇನ್ನೊಂದು ಕಣ್ಣು ಸರಿಯಿದ್ದು ಒಂದು ಕಣ್ಣನ್ನೇ ಕಳೆದುಕೊಂಡರೆ ಗಳಿಕೆಯ ಸಾಮರ್ಥ್ಯದಲ್ಲಿ ಶೇ 40ರಷ್ಟು ನಷ್ಟ, ದೃಷ್ಟಿಯನ್ನಷ್ಟೇ ಕಳೆದುಕೊಂಡರೆ ಶೇ 30ರಷ್ಟು ಎಂದು ನಮೂದಿಸಲಾಗಿತ್ತು. ಕಾರ್ಖಾನೆಯ ನೌಕರನಾಗಿದ್ದರೆ ನಮ್ಮ ಯುವಕನಿಗೆ ಹಕ್ಕು ಕೇಳಲು ಒಂದು ಆಧಾರವಾದರೂ ಇರುತ್ತಿತ್ತು. ಆ್ಯಪ್ ಕಂಪನಿಗಳ ಭಾಷೆಯಲ್ಲಿ ಅವನು ನೌಕರನಲ್ಲ, ‘ಪಾಲುದಾರ’. ಲಾಭದಲ್ಲಿ ಪಾಲಿಲ್ಲದ ಪಾಲುದಾರಿಕೆಯನ್ನು ನಾನು ಯಾವ ಪಠ್ಯಪುಸ್ತಕದಲ್ಲೂ ಓದಿಲ್ಲ.

ಹಾಗಾದರೆ ಸವಾರರು ವೈಸರ್ ಇಳಿಸುವುದಿಲ್ಲವೇಕೆ? ಅವರನ್ನು ಗದರಿಸುವ ಮುನ್ನ ಆ ವೈಸರ್‌ಗಳನ್ನೊಮ್ಮೆ ನೋಡಬೇಕು. ಹೆಚ್ಚಿನವು ಗೀರುಗಳಿಂದ ಮಂಜಾಗಿವೆ. ರಾತ್ರಿ ಎದುರಿನ ದೀಪದ ಬೆಳಕು ಆ ಗೀರುಗಳಲ್ಲಿ ಚದುರಿ ಕಣ್ಣು ಕೋರೈಸುತ್ತದೆ. ಮಳೆಯಲ್ಲಿ ಒಳಗೆ ಉಸಿರಿನ ಆವಿ ಕಟ್ಟುತ್ತದೆ. ಎತ್ತಿದರೆ ಧೂಳು, ಇಳಿಸಿದರೆ ಕತ್ತಲೆ. ವೈಸರ್ ತಯಾರಾಗುವ ಪಾಲಿಕಾರ್ಬೊನೇಟ್ ಪೆಟ್ಟು ತಾಳುತ್ತದೆ, ಆದರೆ ಅದರ ಮೈ ಮೃದು. ಒಣ ಬಟ್ಟೆಯಲ್ಲಿ ಧೂಳೊರೆಸಿದರೆ ಅದೇ ಉಜ್ಜುಕಾಗದವಾಗುತ್ತದೆ. ಮೊದಲು ನೀರು ಹಾಕಿ ನೆನೆಸಿ, ಸೌಮ್ಯ ಸಾಬೂನಿನಿಂದ ತೊಳೆದರೆ ಬಾಳಿಕೆ ಹೆಚ್ಚು. ಕಪ್ಪು ವೈಸರ್ ಹಗಲಿನ ಶೋಕಿಗೆ ಸರಿ, ಸಂಜೆಯ ನಂತರ ಅದು ಕಣ್ಣಿಗೆ ಕಟ್ಟಿದ ಬಟ್ಟೆಯಷ್ಟೇ.

ಎಷ್ಟು ಜೋಪಾನ ಮಾಡಿದರೂ ವೈಸರ್ ಸವೆಯುವ ವಸ್ತು, ಬ್ರೇಕಿನ ಹಾಗೆ. ಅದನ್ನು ಬದಲಿಸಬೇಕು. ಸುಮಾರು ಮುನ್ನೂರು ರೂಪಾಯಿ ಕೊಡಲು ಸಿದ್ಧನಾಗಿ ಅಂಗಡಿಗೆ ಹೋದವನಿಗೆ ‘ಈ ಮಾಡೆಲ್‌ದು ಬರಲ್ಲ ಸಾರ್, ಹೊಸ ಹೆಲ್ಮೆಟ್ಟೇ ತಗೊಳ್ಳಿ’ ಎಂಬ ಉತ್ತರ ಸಿಗುತ್ತದೆ. 2021ರ ಜೂನ್‌ನಿಂದ ಐಎಸ್‌ಐ ಮುದ್ರೆಯಿಲ್ಲದ ಹೆಲ್ಮೆಟ್ ಮಾರುವಂತಿಲ್ಲ. ವೈಸರ್‌ಗೂ ಐಎಸ್ 9973 ಎಂಬ ಪ್ರತ್ಯೇಕ ಮಾನದಂಡವಿದೆ. ಫುಟ್‌ಪಾತಿನಲ್ಲಿ ಬಿಡಿಯಾಗಿ ಮಾರುವ ವೈಸರ್‌ಗಳಲ್ಲಿ ಆ ಮುದ್ರೆಯನ್ನು ಹುಡುಕಿ ಸೋತಿದ್ದೇನೆ. ಪ್ರತಿ ಮಾದರಿಯ ಬದಲಿ ವೈಸರನ್ನು ಇಂತಿಷ್ಟು ವರ್ಷ ಒದಗಿಸಬೇಕೆಂದು ತಯಾರಕರಿಗೆ ಷರತ್ತು ವಿಧಿಸಲು ಸಂಸತ್ತಿನ ತಿದ್ದುಪಡಿಯೇನೂ ಬೇಕಾಗಲಿಕ್ಕಿಲ್ಲ.

ಸವಾರರಿಗೆ ಹೊಸದೊಂದು ದಂಡ ಹಾಕುವುದನ್ನು ನಾನು ಮೊದಲ ಹೆಜ್ಜೆಯಾಗಿ ಸೂಚಿಸುವುದಿಲ್ಲ. ಬೆಂಗಳೂರಿನ ನೋಂದಾಯಿತ ವಾಹನಗಳು ಒಂದು ಕೋಟಿ ದಾಟಿವೆ, ಅವುಗಳಲ್ಲಿ ಸುಮಾರು ಮೂರನೇ ಎರಡು ಭಾಗ ದ್ವಿಚಕ್ರದವು. ಅಷ್ಟು ಮಂದಿಯ ವೈಸರ್ ಪರೀಕ್ಷಿಸುವುದು ಪೊಲೀಸರಿಗೆ ಅಸಾಧ್ಯ. ಆರಂಭಿಸಲು ಹತ್ತಿರದ ಜಾಗವೊಂದಿದೆ. 2025ರಲ್ಲಿ ಕರ್ನಾಟಕ ತಂದ ಗಿಗ್ ಕಾರ್ಮಿಕರ ಕಾಯ್ದೆ ಕಲ್ಯಾಣ ಮಂಡಳಿಗೂ ನಿಧಿಗೂ ಅವಕಾಶ ಕಲ್ಪಿಸಿದೆ. ದಿನವಿಡೀ ರಸ್ತೆಯಲ್ಲಿರುವ ಈ ಸವಾರರಿಗೆ ಆರು ತಿಂಗಳಿಗೊಂದು ಬಣ್ಣವಿಲ್ಲದ ವೈಸರ್, ವರ್ಷಕ್ಕೊಮ್ಮೆ ಕಣ್ಣಿನ ತಪಾಸಣೆ, ಕಣ್ಣಿಗೆ ಏನಾದರೂ ಬಿದ್ದ ದಿನ ಪ್ರೋತ್ಸಾಹಧನ ಕಡಿತವಿಲ್ಲದ ರಜೆ: ಮಂಡಳಿಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ಮೂರನ್ನು ಸೇರಿಸಲು ಒಂದು ಪುಟದ ಟಿಪ್ಪಣಿ ಸಾಕು.